ಎಂಜಿನ್ ಹೊಸದು, ಬ್ರೇಕು ದೇವರದು

ಬೆಂಗಳೂರಿನ ತ್ಯಾಗರಾಜನಗರದಲ್ಲಿ 430 ಕುದುರೆಗಳ ಅಗತ್ಯ ಯಾರಿಗೆ ಬಿದ್ದಿದೆ ಎಂದು ಕೇಳುವವರು ಹಳೇ ಕಾಲದ ಜನ. ಅಗತ್ಯ ನೋಡಿಕೊಂಡು ದುಡ್ಡು ಬಿಚ್ಚುವ ಊರಾಗಿದ್ದರೆ ಟ್ರೆಡ್‌ಮಿಲ್ ಮೇಲೆ ಪಂಚೆ ಒಣಗಿಸುವ ಮನೆಗಳು ನಮ್ಮಲ್ಲಿ ಇಷ್ಟೊಂದು ಇರುತ್ತಿರಲಿಲ್ಲ. ಹಾಗಾಗಿ ಅಗತ್ಯದ ಮಾತು ಬಿಡಿ. ಕೇಳಬೇಕಾದ್ದು ಇಷ್ಟೇ: ಆ 430 ಕುದುರೆಗಳನ್ನು ಹೂಡುವ ಗಾಡಿ, ಗಾಡಿ ಓಡಬೇಕಾದ ಬೀದಿ, ಬೀದಿಯ ಕೊನೆಯಲ್ಲಿ ಅದನ್ನು ನಿಲ್ಲಿಸಬೇಕಾದ ಬ್ರೇಕು, ಇವರಿಗೆಲ್ಲ ಯಾರಾದರೂ ಮುಂಚಿತವಾಗಿ ವಿಷಯ ತಿಳಿಸಿದ್ದಾರೆಯೇ?

ಗಾಡಿ ಡಾಡ್ಜ್ ಕಿಂಗ್ಸ್‌ವೇ. ಐವತ್ತರ ದಶಕದ ಆರಂಭದ ಮಾಲು. ನಮ್ಮ ಬೀದಿಯ ಕಂಟ್ರಾಕ್ಟರ್ ತಾತ ಕೊಂಡದ್ದು, ಅವರ ಮಗ ಟಾರ್ಪಾಲಿನ್ ಹೊದಿಸಿ ಇಟ್ಟದ್ದು, ಈಗ ಮೊಮ್ಮಗನ ಕೈಗೆ ಸಿಕ್ಕಿರುವುದು. ಉದ್ದ ಹತ್ತಿರ ಹತ್ತಿರ ಹದಿನಾರು ಅಡಿ. ಕಾಂಪೌಂಡಿನ ಗೇಟು ಹಾಕಬೇಕಾದರೆ ಬಂಪರಿನ ಒಪ್ಪಿಗೆ ಬೇಕು. ನಂಬರ್ ಪ್ಲೇಟು ಇನ್ನೂ ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ್ದು. ಮೊಮ್ಮಗ ಹೊರವರ್ತುಲ ರಸ್ತೆಯ ಕಂಪನಿಯೊಂದರಿಂದ ಕೈತುಂಬ ಸಂಬಳ ತರುವ ಹುಡುಗ. ವಾರಕ್ಕೆ ಮೂರು ದಿನ ಆಫೀಸು, ನಾಲ್ಕು ದಿನ ಅಮೆರಿಕನ್ ವಿಡಿಯೋ. ಆ ವಿಡಿಯೋಗಳಲ್ಲಿ ಗಡ್ಡ ಬಿಟ್ಟ ಇಬ್ಬರು ಹಳೇ ಕಾರಿನ ಬಾನೆಟ್ ಎತ್ತಿ, ಒಳಗಿದ್ದದ್ದನ್ನೆಲ್ಲ ಸರಪಳಿಗೆ ಕಟ್ಟಿ ಹೊರಗೆಳೆದು, ಹೊಸ ವಿ-8 ಎಂಜಿನ್ ಇಳಿಸಿ, ಇಪ್ಪತ್ತು ನಿಮಿಷದೊಳಗೆ ಟೈರು ಸುಟ್ಟು ಹೊಗೆ ಎಬ್ಬಿಸುತ್ತಾರೆ. ಅದನ್ನು ನೋಡಿ ನಮ್ಮ ಹುಡುಗನಿಗೆ ಜ್ಞಾನೋದಯವಾಯಿತು. ಸಂಪ್ರದಾಯದಂತೆ ಮರದ ಕೆಳಗೇ ಆಯಿತು. ಕಾರು ನಿಂತಿರುವುದು ಹೊಂಗೆ ಮರದ ಕೆಳಗೆ.

ಅವನ ಕಣ್ಣು ಬಿದ್ದಿರುವುದು ಜನರಲ್ ಮೋಟಾರ್ಸ್‌ನವರ ಎಲ್‌ಎಸ್3 ಎಂಬ ಎಂಜಿನ್ನಿನ ಮೇಲೆ. 6.2 ಲೀಟರ್, 430 ಅಶ್ವಶಕ್ತಿ. ಎಲ್‌ಎಸ್ ವಂಶ ಹುಟ್ಟಿದ್ದು 1997ರ ಕಾರ್ವೆಟ್ ಕಾರಿನ ಜೊತೆ. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಅಡಗಿರುವುದರಿಂದ ಎಂಜಿನ್ನಿನ ತಲೆ ಸಣ್ಣದು, ಹೊಟ್ಟೆ ದೊಡ್ಡದು. ಯಾವ ಬಾನೆಟ್ಟಿನ ಕೆಳಗೂ ಸದ್ದಿಲ್ಲದೆ ನುಸುಳಿ ಕೂರುತ್ತದೆ. ಅಮೆರಿಕದವರು ಅದನ್ನು ಷೆವರ್ಲೆಗೆ ಹಾಕಿದರು, ಫೋರ್ಡಿಗೆ ಹಾಕಿದರು, ಜಪಾನಿನ ಕಾರುಗಳನ್ನೂ ಬಿಡಲಿಲ್ಲ. ಡಾಡ್ಜ್ ಕ್ರೈಸ್ಲರ್ ಮನೆತನದ್ದು, ಎಂಜಿನ್ ಬದ್ಧ ವೈರಿಯ ಮನೆಯದ್ದು. ಅದರ ಬಗ್ಗೆ ಹುಡುಗನಿಗೆ ಚಿಂತೆ ಇಲ್ಲ. ಆ ಎಂಜಿನ್ ಮಾಡಿದ ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿ ಕೈ ತೊಳೆದುಕೊಂಡಿತಲ್ಲ, ನಾಳೆ ಒಂದು ಸೆನ್ಸರ್ ಹೋದರೆ ಎಲ್ಲಿಂದ ತರುತ್ತೀಯಪ್ಪ ಎಂದರೆ, “ಶಿಪ್ಪಿಂಗ್ ಇದೆ ಅಂಕಲ್” ಎನ್ನುತ್ತಾನೆ. ಕೊತ್ತಂಬರಿ ಸೊಪ್ಪೇ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವಾಗ ಸೆನ್ಸರ್ ಬರದೇ ಇರುತ್ತದೆಯೇ ಎಂಬ ವಿಶ್ವಾಸ.

“ಈಗ ಬಂಕ್‌ಗಳಲ್ಲಿ ಇ20 ಪೆಟ್ರೋಲ್ ಬಂದಿದೆ, ಹಳೇ ಕಾರ್ಬುರೇಟರ್, ರಬ್ಬರ್ ಪೈಪು ಅದನ್ನ ತಡ್ಕೊಳ್ಳಲ್ಲ. ಅದಕ್ಕೇ ಹೊಸ ಎಂಜಿನ್” ಎಂಬುದು ಅವನ ಇನ್ನೊಂದು ವಾದ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರನ್ನು ತಿನ್ನುವುದು ನಿಜ. ಒಂದೇ ತೊಡಕು: ಈ ಕಾರಿನಲ್ಲಿ ಕಾರ್ಬುರೇಟರೇ ಇಲ್ಲ. ಅದು ಹೋಗಿ ಅರ್ಧ ಶತಮಾನವಾಯಿತು. ಯಾಕೆ ಹೋಯಿತು ಎಂಬುದಕ್ಕೆ ಸ್ವಲ್ಪ ಇತಿಹಾಸ ಬೇಕು.

ಈ ಡಾಡ್ಜ್ ಅಮೆರಿಕದಿಂದ ನೇರ ಹಾರಿ ಬಂದದ್ದಲ್ಲ; ಮುಂಬಯಿಯ ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಕ್ರೈಸ್ಲರ್ ಕಂಪನಿಯ ಬಿಡಿಭಾಗ ತರಿಸಿ ಜೋಡಿಸಿದ್ದು. ಹಾಗೆ ನೋಡಿದರೆ ಇಂಥ ಕಾರು ನಮ್ಮೂರಲ್ಲೇ ಹುಟ್ಟಬಹುದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮೋಟಾರು ಕಾರ್ಖಾನೆಯ ಯೋಜನೆ ಕಂಕುಳಲ್ಲಿ ಇಟ್ಟುಕೊಂಡು ಯೂರೋಪು, ಅಮೆರಿಕ ಸುತ್ತಿ ಬಂದಿದ್ದರು. ಮೈಸೂರು ಸರ್ಕಾರಕ್ಕೆ ಮನಸ್ಸಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ಕಾರು ಕುರ್ಲಾಕ್ಕೆ ಹೋಯಿತು. ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂದರು. 1943ರ ಹೊತ್ತಿಗೆ ಆ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ಯುದ್ಧ ಮುಗಿಯುವವರೆಗೂ ಅವರ ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ ಕಟ್ಟಿತು. ಅಂದರೆ ಅಮೆರಿಕನ್ ಎಂಜಿನ್ ಬಿಚ್ಚುವ ವಿದ್ಯೆ ಬೆಂಗಳೂರಿಗೆ ವಿಡಿಯೋ ನೋಡಿ ಬಂದದ್ದಲ್ಲ. ಮತ್ತೆ ವಿಮಾನದ ಕೆಲಸದಲ್ಲಿ ಒಂದು ಶಿಸ್ತು ತಾನಾಗಿ ಬರುತ್ತದೆ: ಎಂಜಿನ್ ಒಂದನ್ನೇ ಸರಿಮಾಡಿ ಉಳಿದದ್ದನ್ನು ನೋಡದೆ ಕಳಿಸಿದರೆ, ದೂರು ಕೊಡಲು ಗಿರಾಕಿ ವಾಪಸು ಬರುವುದಿಲ್ಲ.

ಕಾರಿನ ಗಿರಾಕಿ ವಾಪಸು ಬರುತ್ತಾನೆ. ಅದೇ ಕಷ್ಟ.

ಕಿಂಗ್ಸ್‌ವೇ ಹುಟ್ಟಿದಾಗ ಅದರಲ್ಲಿದ್ದದ್ದು ಆರು ಸಿಲಿಂಡರಿನ ಫ್ಲಾಟ್‌ಹೆಡ್ ಪೆಟ್ರೋಲ್ ಎಂಜಿನ್. ಸುಮಾರು ಮೂರೂವರೆ ಲೀಟರ್ ಗಾತ್ರ, ಶಕ್ತಿ ನೂರು ಕುದುರೆಗಳ ಆಸುಪಾಸು. ಚಾಲೂ ಮಾಡಿ ಬಾನೆಟ್ಟಿನ ಮೇಲೆ ಎಂಟಾಣೆ ನಿಲ್ಲಿಸಿದರೆ ಬೀಳುತ್ತಿರಲಿಲ್ಲ ಎಂದು ತಾತ ಹೇಳುತ್ತಿದ್ದರಂತೆ. ತಾತ ಸತ್ಯವಂತರು, ಆದರೆ ಕಂಟ್ರಾಕ್ಟರು, ಅರ್ಧ ನಂಬಬಹುದು. ಆಮೇಲೆ 1973 ಬಂತು. ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು. ಪೀಪಾಯಿಗೆ ಮೂರು ಡಾಲರಿನ ಸುಮಾರಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಆ ನವೆಂಬರಿನಲ್ಲಿ ಪೆಟ್ರೋಲ್ ಬೆಲೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ನಮ್ಮ ತಾತನಿಗೆ ಎತ್ತು ಕಟ್ಟುವಷ್ಟು ಜಾಗ ಇರಲಿಲ್ಲ. ಅವರು ಡೀಸೆಲ್ ಎಂಜಿನ್ ಕೂರಿಸಿದರು.

ಆ ಕಾಲದಲ್ಲಿ ಇಡೀ ದೇಶದ ಅಮೆರಿಕನ್ ಕಾರುಗಳ ಹಣೆಬರಹ ಇದೇ ಆಗಿತ್ತು. ಸಣ್ಣ ಊರುಗಳಲ್ಲಿ ಟ್ಯಾಕ್ಸಿಯಾದ ಪ್ಲಿಮತ್, ಡಾಡ್ಜ್, ಷೆವರ್ಲೆಗಳು, ಮಲೆನಾಡಿನ ವಿಲ್ಲೀಸ್ ಜೀಪುಗಳು ಒಂದೊಂದಾಗಿ ಪೆಟ್ರೋಲ್ ಎಂಜಿನ್ ಕಳಚಿಟ್ಟು ಡೀಸೆಲ್ ದೀಕ್ಷೆ ತೆಗೆದುಕೊಂಡವು. ಮದ್ರಾಸಿನ ಸಿಂಪ್ಸನ್ ಕಂಪನಿಯಲ್ಲಿ ತಯಾರಾಗುತ್ತಿದ್ದ ಪರ್ಕಿನ್ಸ್ ಎಂಜಿನ್ ಕೆಲವಕ್ಕೆ, ಆಮೇಲೆ ಮಟಾಡೋರ್ ವ್ಯಾನಿನ ಎಂಜಿನ್ ಕೆಲವಕ್ಕೆ. ನಮ್ಮ ಡಾಡ್ಜ್‌ಗೆ ಎರಡೂ ಸರದಿಯ ಮೇಲೆ ಸಿಕ್ಕಿತು. ಫ್ಲಾಟ್‌ಹೆಡ್ ಎಂಜಿನ್ ಶಿವಾಜಿನಗರದ ಗುಜರಿಯಲ್ಲಿ ಕೆಜಿ ಲೆಕ್ಕಕ್ಕೆ ಹೋಯಿತು. ಅಂದಿನಿಂದ ಕಾರು ಮೂಗಿನ ಮೇಲೆ ಡಾಡ್ಜ್ ಎಂದು ಬರೆದುಕೊಂಡು ಹಾಲಿನ ವ್ಯಾನಿನ ದನಿಯಲ್ಲಿ ಮಾತಾಡುತ್ತಿದೆ.

ಎಂಜಿನ್ ಬದಲಾಯಿತು, ಹಿಂದಿನ ಹೌಸಿಂಗ್ ಬದಲಾಗಲಿಲ್ಲ. ಡಿಫರೆನ್ಶಿಯಲ್ಲಿನ ಹಲ್ಲಿನ ಲೆಕ್ಕ ಪೆಟ್ರೋಲ್ ಎಂಜಿನ್ನಿನ ಓಟಕ್ಕೆ ಮಾಡಿದ್ದು. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗಿ ಜೋರಾಗಿ ಎಳೆಯುವ ಜೀವಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೈಸೂರು ರಸ್ತೆಯಲ್ಲಿ ಅರವತ್ತು ದಾಟಿದರೆ ಎಂಜಿನ್ ಅಳುತ್ತಿತ್ತು, ಎಪ್ಪತ್ತಾದರೆ ಅಜ್ಜಿ ಅಳುತ್ತಿದ್ದರು. ಇನ್ನೂ ದೊಡ್ಡ ಕಥೆ ಹ್ಯಾಂಡ್ ಬ್ರೇಕಿನದು. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿರಲಿಲ್ಲ. ಗೇರ್‌ಬಾಕ್ಸಿನ ಹಿಂಬದಿಗೆ ಒಂದು ಡ್ರಮ್ ಕೂರಿಸಿ, ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿದು ನಿಲ್ಲಿಸುವ ಏರ್ಪಾಡು. ಡೀಸೆಲ್ ಎಂಜಿನ್ನಿನ ಜೊತೆ ಅದರದೇ ಗೇರ್‌ಬಾಕ್ಸ್ ಬಂತು. ಹಳೇ ಗೇರ್‌ಬಾಕ್ಸ್ ಹೋಗುವಾಗ ಹ್ಯಾಂಡ್ ಬ್ರೇಕನ್ನೂ ಕರೆದುಕೊಂಡು ಹೋಯಿತು. ಅದರ ಲಿವರ್ ಮಾತ್ರ ಡ್ಯಾಶ್‌ಬೋರ್ಡಿನ ಕೆಳಗೆ ಉಳಿದಿದೆ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ, ನಿವೃತ್ತ ಅಧಿಕಾರಿಯ ಸಹಿಗೆ ಇರುವಷ್ಟೇ ಬೆಲೆ. ಐವತ್ತು ವರ್ಷದಿಂದ ಹಿಂದಿನ ಚಕ್ರಕ್ಕೆ ಒಂದು ಸೈಜುಗಲ್ಲು. ಕಾರು ಹೋದಲ್ಲೆಲ್ಲ ಕಲ್ಲೂ ಡಿಕ್ಕಿಯಲ್ಲಿ ಹೋಗುತ್ತದೆ.

ಹೀಗೆ ಎರಡು ಸಲ ಎಂಜಿನ್ ಬದಲಾಯಿಸಿಕೊಂಡು ಒಂದು ಸಲವೂ ಬ್ರೇಕ್ ನೋಡಿಸಿಕೊಳ್ಳದ ಕಾರನ್ನು ಹುಡುಗ ಲಾಲ್‌ಬಾಗ್ ರಸ್ತೆಯ ಹಿಂದಿನ ಗಲ್ಲಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಅಲ್ಲಿಯ ಭಾಯ್ ಮೂರು ತಲೆಮಾರಿನ ಕಾರು ಕಂಡವರು. ಹುಡುಗ ಮೊಬೈಲಿನಲ್ಲಿ ಎಂಜಿನ್ ತೋರಿಸಿದ. ಭಾಯ್ ಕನ್ನಡಕ ಹಣೆಗೇರಿಸಿ ನೋಡಿದರು, “ಚೆನ್ನಾಗಿದೆ” ಅಂದರು. ಆಮೇಲೆ ಎಂಜಿನ್ ಕಡೆಗೆ ಹೋಗಲೇ ಇಲ್ಲ. ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದರು. ಅದರ ಕೆಳಗೆ ತಗಡಿನ ಒಂದು ಮುಚ್ಚಳ, ಮುಚ್ಚಳದ ಕೆಳಗೆ ಕೆಸರು, ಕೆಸರಿನ ಕೆಳಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್. ಸ್ಕ್ರೂಡ್ರೈವರಿನಲ್ಲಿ ಕೆರೆದು ಮುಚ್ಚಳ ಬಿಚ್ಚಿ ಬೆರಳು ಅದ್ದಿ ತೆಗೆದರು. ಬೆರಳಿಗೆ ಅಂಟಿದ್ದು ಬ್ರೇಕ್ ಆಯಿಲೋ, ಕಾಕಂಬಿಯೋ ಹೇಳುವಂತಿರಲಿಲ್ಲ.

“ಇದಕ್ಕೆ ಒಂದೇ ಲೈನ್ ಸಾರ್. ನಾಲ್ಕು ಚಕ್ರಕ್ಕೂ ಒಂದೇ. ಎಲ್ಲಾದ್ರೂ ಒಂದು ಕಡೆ ಪೈಪ್ ಸೋರಿದ್ರೆ ನಾಲ್ಕೂ ಗೋವಿಂದ.”

“ಅದನ್ನ ಆಮೇಲೆ ನೋಡೋಣ ಭಾಯ್. ಎಂಜಿನ್ ಕೂರ್ಸಕ್ಕೆ ಎಷ್ಟು ದಿನ?”

“ಕೂರ್ಸೋದು ನಾಲ್ಕು ದಿನದ ಕೆಲ್ಸ ಸಾರ್. ನಿಲ್ಸೋದು ನಾಲ್ಕು ತಿಂಗಳ ಕೆಲ್ಸ.”

ಭಾಯ್ ಹೇಳಿದ ಲೆಕ್ಕ ಯಾವ ಇಂಜಿನಿಯರಿಂಗ್ ಕಾಲೇಜಿನ ಲೆಕ್ಕಕ್ಕೂ ಕಡಿಮೆಯದಲ್ಲ. ಎಂಜಿನ್ನಿನ ತಿರುಗುಬಲ ನೇರ ಚಕ್ರಕ್ಕೆ ಹೋಗುವುದಿಲ್ಲ. ಮೊದಲ ಗೇರಿನಲ್ಲಿ ಸುಮಾರು ಮೂರು ಪಟ್ಟಾಗುತ್ತದೆ, ಡಿಫರೆನ್ಶಿಯಲ್ಲಿನಲ್ಲಿ ಅದರ ಮೇಲೆ ನಾಲ್ಕು ಪಟ್ಟು ಎಂದಿಟ್ಟುಕೊಳ್ಳಿ. ಒಟ್ಟು ಹನ್ನೆರಡು ಪಟ್ಟು. ಹಳೇ ಫ್ಲಾಟ್‌ಹೆಡ್ಡಿನ ತಿರುಗುಬಲ ಸುಮಾರು 237 ನ್ಯೂಟನ್ ಮೀಟರ್. ಎಲ್‌ಎಸ್3ರದ್ದು ಸುಮಾರು 575. ವ್ಯತ್ಯಾಸ ಎರಡು ಪಟ್ಟಿಗೂ ಹೆಚ್ಚು, ಅದೂ ಹನ್ನೆರಡರಿಂದ ಗುಣಿಸಿಕೊಂಡು ಹಿಂದಿನ ಆಕ್ಸೆಲ್ ಶಾಫ್ಟಿನ ಕುತ್ತಿಗೆಗೆ ಬಂದು ಕೂರುತ್ತದೆ. ಆಗ ಮುರಿಯುವುದು ಹೊಸ ಎಂಜಿನ್ ಅಲ್ಲ. ಮೊದಲು ಕ್ಲಚ್ ಜಾರುತ್ತದೆ. ಕ್ಲಚ್ ಗಟ್ಟಿ ಮಾಡಿದರೆ ಗೇರಿನ ಹಲ್ಲು ಉದುರುತ್ತದೆ. ಗೇರ್‌ಬಾಕ್ಸ್ ಗಟ್ಟಿ ಮಾಡಿದರೆ ಪ್ರೊಪೆಲ್ಲರ್ ಶಾಫ್ಟಿನ ಯುಜೆ ಕ್ರಾಸ್ ಕೈ ಕೊಡುತ್ತದೆ. ಅದನ್ನೂ ಗಟ್ಟಿ ಮಾಡಿದರೆ ಕ್ರೌನು ಪಿನಿಯನ್ನು ಅರೆದುಹೋಗುತ್ತವೆ. ಏಟು ಸದಾ ಸಾಲಿನಲ್ಲಿ ಮುಂದಿರುವ ಬಡವನಿಗೆ. ಇದರ ಮೇಲೆ ಶಾಫ್ಟಿನ ಕೋನ: ಎಂಜಿನ್ ಎಷ್ಟು ಡಿಗ್ರಿ ಬಾಗಿ ಕೂತಿದೆಯೋ ಹಿಂದಿನ ಪಿನಿಯನ್ನೂ ಅದಕ್ಕೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಐವತ್ತರ ವೇಗದಲ್ಲಿ ಕಾರು ಜ್ವರ ಬಂದವರ ಹಾಗೆ ನಡುಗುತ್ತದೆ. ಎಂಜಿನ್ ಸೊಗಸಾಗಿ ಹಾಡುತ್ತಿರುತ್ತದೆ, ಸೀಟಿನಲ್ಲಿ ಕೂತವರ ಹಲ್ಲು ತಾಳ ಹಾಕುತ್ತಿರುತ್ತದೆ.

ಭಾಯ್ ಅಂದಾಜು ಪಟ್ಟಿ ಬರೆದರು. ಎಂಜಿನ್ನಿಗೆ ಒಂದು ಸಾಲು. ಉಳಿದ ಇಪ್ಪತ್ತು ಸಾಲು ಗೇರ್‌ಬಾಕ್ಸು, ಶಾಫ್ಟು, ಹೌಸಿಂಗು, ಸ್ಪ್ರಿಂಗು, ಡಿಸ್ಕ್ ಬ್ರೇಕು, ಎರಡು ಲೈನಿನ ಮಾಸ್ಟರ್ ಸಿಲಿಂಡರು, ಸ್ಟೀರಿಂಗು, ರೇಡಿಯೇಟರು, ಹೊಸ ವೈರಿಂಗು. ಹುಡುಗ ಪಟ್ಟಿಯನ್ನು ತನ್ನ ಆಫೀಸಿನ ಪದ್ಧತಿಯಂತೆ ಪರಿಶೀಲಿಸಿದ. ಮೊದಲ ಹಂತ: ಎಂಜಿನ್, ಕ್ರೋಮಿಯಂ ಲೇಪ, ಸೈಲೆನ್ಸರ್, ಚೆರ್ರಿ ಕೆಂಪು ಬಣ್ಣ. ಎರಡನೇ ಹಂತ: ಗೇರ್‌ಬಾಕ್ಸ್. ಮೂರನೇ ಹಂತ: ಬ್ರೇಕ್, “ಬಜೆಟ್ ನೋಡಿಕೊಂಡು”. ಮಧ್ಯಂತರ ಪರಿಹಾರವಾಗಿ ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು.

ಈ ಮಧ್ಯೆ ಕಾನೂನು ಎಂಬುದೊಂದಿದೆ, ಅದನ್ನೂ ಮಾತಾಡಿಸಿ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಬೇಕಾದರೆ ಎರಡೂ ಎಂದಿತು. ಭಾಯ್ ಬರೆದ ಇಪ್ಪತ್ತೊಂದು ಸಾಲನ್ನು ಇದಕ್ಕೆ ಗುಣಿಸಿದರೆ ಹುಡುಗ ಮೊಮ್ಮಕ್ಕಳನ್ನು ಜೈಲಿನ ಕಿಟಕಿಯಿಂದ ನೋಡಬೇಕು.

ವಿಂಟೇಜ್ ಎಂದು ನೋಂದಾಯಿಸಿ ಪಾರಾಗೋಣವೆಂದರೆ ಅಲ್ಲೂ ಬಾಗಿಲು ಅರ್ಧವೇ ತೆರೆದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಸರಣಿಯ ಪ್ರತ್ಯೇಕ ನಂಬರು ಕೊಡುವ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಷರತ್ತು: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಭಾರಿ ಬದಲಾವಣೆಗೆ ಒಳಗಾಗಿರಬಾರದು. ನಮ್ಮ ಡಾಡ್ಜ್‌ಗೆ ವಯಸ್ಸಿದೆ, ಮಾನ ಇಲ್ಲ. ಹುಟ್ಟಿದಾಗಿನ ಎಂಜಿನ್ ಶಿವಾಜಿನಗರದಲ್ಲಿ ಕರಗಿ ಯಾರದೋ ಮನೆಯ ಗ್ರಿಲ್ ಆಗಿದೆ. ಹಾಗೂ ಹೀಗೂ ನೋಂದಣಿ ಆಯಿತೆಂದೇ ಇಟ್ಟುಕೊಳ್ಳಿ. ವಿಂಟೇಜ್ ಗಾಡಿಯನ್ನು ರಸ್ತೆಗಿಳಿಸಬಹುದಾದದ್ದು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲಿಕ್ಕೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ದೋಸೆ ತಿನ್ನಲು ಹೋಗುವುದು ಪಟ್ಟಿಯಲ್ಲಿಲ್ಲ. ಪ್ರತಿ ದೋಸೆಗೂ ಒಂದು ಪೆಟ್ರೋಲ್ ಬಂಕಿನ ರಸೀದಿ ಜೋಡಿಸಿದರೆ ಒಪ್ಪಬಹುದೇನೋ. 6.2 ಲೀಟರಿನ ಎಂಜಿನ್ನಿಗೆ ಅದು ಸುಳ್ಳು ಸಾಕ್ಷಿಯೂ ಆಗಲಾರದು. ದೋಸೆ ಬರುವಷ್ಟರಲ್ಲಿ ಟ್ಯಾಂಕ್ ಖಾಲಿಯಾಗಿರುತ್ತದೆ.

ಅಮೆರಿಕದವರು ಬುದ್ಧಿವಂತರು, ಅವರು ಹೀಗೆ ಮಾಡಿರಲಿಕ್ಕಿಲ್ಲ ಎಂದು ಭಾವಿಸಬೇಡಿ. ಅವರೇ ಇದರ ಮೂಲಗುರುಗಳು. 1955ರಲ್ಲಿ ಷೆವರ್ಲೆಯವರು 4.3 ಲೀಟರಿನ ಸಣ್ಣ ವಿ-8 ತಂದರು. ಅಲ್ಲಿಂದ ಕಂಪನಿಗಳ ನಡುವೆ ಕುದುರೆಗಳ ಹರಾಜು ಶುರುವಾಯಿತು. 1956ರಲ್ಲಿ ಅವರ ಸರ್ಕಾರ 41,000 ಮೈಲಿ ಹೆದ್ದಾರಿ ಕಟ್ಟುವ ಕಾನೂನು ಮಾಡಿತು. ಕುದುರೆ ಬಂತು, ರಸ್ತೆ ಬಂತು, ಬ್ರೇಕು ಬರಲಿಲ್ಲ. ನಾನೂರು ಕುದುರೆಗಳ ಕಾರುಗಳು ಅಜ್ಜನ ಕಾಲದ ಡ್ರಮ್ ಬ್ರೇಕಿನಲ್ಲೇ ಓಡಿದವು. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಹೈಸ್ಕೂಲು ಪಾಠ ಡೆಟ್ರಾಯಿಟ್‌ಗೆ ಗೊತ್ತಿರಲಿಲ್ಲವೆಂದಲ್ಲ. ಬ್ರೇಕಿನ ಜಾಹೀರಾತು ನೋಡಿ ಯಾರೂ ಕಾರು ಕೊಳ್ಳುವುದಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಪುಸ್ತಕ ಬರೆದು ಕಾರು ಕಂಪನಿಗಳ ಮಾನ ಹರಾಜು ಹಾಕಬೇಕಾಯಿತು. ಮರುವರ್ಷ ಸುರಕ್ಷತಾ ಕಾನೂನು ಬಂತು. ಎರಡು ಲೈನಿನ ಬ್ರೇಕು ಕಡ್ಡಾಯವಾದದ್ದು ಆ ದಶಕದ ಕೊನೆಗೆ. ಗಡ್ಡದವರ ವಿಡಿಯೋದಲ್ಲಿ ಈ ಅಧ್ಯಾಯ ಬರುವುದಿಲ್ಲ. ಬ್ರೇಕಿಗೆ ಹೊಗೆ ಎಬ್ಬಿಸಲು ಬರುವುದಿಲ್ಲ. ಬಂದರೆ ಅದು ಒಳ್ಳೆಯ ಲಕ್ಷಣವೂ ಅಲ್ಲ.

ಇಷ್ಟೆಲ್ಲ ಮಾಡಿ 430 ಕುದುರೆಗಳು ಓಡುವುದೆಲ್ಲಿ? ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುವೆ 10 ಕಿಲೋಮೀಟರ್ ದಾಟಲು 29 ನಿಮಿಷ 10 ಸೆಕೆಂಡು ಬೇಕಿತ್ತು. ಲಂಡನ್ ಬಿಟ್ಟರೆ ನಾವೇ ನಿಧಾನ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಈ ಓಟಕ್ಕೆ 430 ಹಂಚಿದರೆ ಒಂದೊಂದು ಕಿಲೋಮೀಟರ್ ವೇಗಕ್ಕೂ ಸುಮಾರು ಇಪ್ಪತ್ತೊಂದು ಕುದುರೆ. ಸೌತ್ ಎಂಡ್ ಸರ್ಕಲ್ ಸಿಗ್ನಲಿನಲ್ಲಿ ನಿಂತಾಗ ಆ ಕುದುರೆಗಳಿಗೆ ಇರುವುದು ಒಂದೇ ಕೆಲಸ: ರೇಡಿಯೇಟರ್ ಕುದಿಸುವುದು. ಪಕ್ಕದಲ್ಲಿ ನಿಂತ ಹೋಂಡಾ ಆಕ್ಟಿವಾದ ಅಜ್ಜಿ ಎಂಟು ಕುದುರೆಗಿಂತ ಕಡಿಮೆಯಲ್ಲಿ ಸಂದು ನೋಡಿ ನುಗ್ಗಿ, ಸೊಪ್ಪು ತಂದು, ಸಾರು ಮಾಡಿ, ಒಗ್ಗರಣೆ ಹಾಕಿರುತ್ತಾರೆ.

ಹುಡುಗನನ್ನು ನೋಡಿ ನಗುವ ಮುಂಚೆ ಸ್ವಲ್ಪ ತಡೆಯಿರಿ. ಅವನು ಈ ಬುದ್ಧಿ ಕಲಿತದ್ದು ಅಮೆರಿಕದಿಂದ ಎಂದು ನಾನು ಒಪ್ಪುವುದಿಲ್ಲ. ಕಿಟಕಿಯಿಂದ ಹೊರಗೆ ನೋಡಿ ಕಲಿತಿದ್ದಾನೆ.

ಅವನ ಎದುರು ಮನೆ ಮೊದಲು ಒಂದಂತಸ್ತಿನದು, ಒಂದು ಸಂಸಾರ, ಒಂದು ಬಾವಿ. ಈಗ ಅದೇ ಸೈಟಿನಲ್ಲಿ ಐದಂತಸ್ತಿನ ಪಿಜಿ. ತಲೆ ಲೆಕ್ಕ ಹಾಕಲು ಜನಗಣತಿಯವರು ಬರಬೇಕು. ಎಂಜಿನ್ ಭರ್ಜರಿಯಾಗಿ ಮೇಲೇರಿತು. ಬೀದಿಯ ಕೆಳಗಿನ ಒಳಚರಂಡಿ ಪೈಪು ಮಾತ್ರ ಆ ಒಂದು ಸಂಸಾರಕ್ಕೆಂದು ಹಾಕಿದ್ದೇ. ತಿಂಗಳಿಗೊಮ್ಮೆ ಮ್ಯಾನ್‌ಹೋಲ್ ಉಕ್ಕುತ್ತದೆ. ಪಿಜಿ ಮಾಲೀಕರು ಪೈಪಿನ ಗುಣಮಟ್ಟ ಸರಿಯಿಲ್ಲ ಎನ್ನುತ್ತಾರೆ.

ರಸ್ತೆಗೆ ವೈಟ್‌ಟಾಪಿಂಗ್ ಬಂತು. ಕಾಂಕ್ರೀಟು ಹಳೇ ಡಾಂಬರಿನ ಮೇಲೇ ಬಿದ್ದು ರಸ್ತೆ ಎತ್ತರವಾಯಿತು, ಮನೆಗಳ ಹೊಸ್ತಿಲು ಕೆಳಗುಳಿಯಿತು. ಮುಖ್ಯರಸ್ತೆ ವಿಮಾನ ಇಳಿಸುವ ಹಾಗಿದೆ. ಅದರಿಂದ ಅಡ್ಡರಸ್ತೆಗೆ ತಿರುಗುವಲ್ಲಿ ಸ್ಕೂಟರು ಮೆಟ್ಟಿಲಿಳಿಯಬೇಕು. ಮಳೆ ಬಂದರೆ ನೀರು ರಸ್ತೆಯಲ್ಲಿ ನಿಲ್ಲುವುದಿಲ್ಲ, ಅಷ್ಟರಮಟ್ಟಿಗೆ ಯೋಜನೆ ಯಶಸ್ವಿ. ನೇರ ನಡುಮನೆಗೆ ಬರುತ್ತದೆ.

ಊರಿನಲ್ಲಿ ನೋಂದಾಯಿತ ವಾಹನ ಒಂದು ಕೋಟಿ ದಾಟಿತು. ಅದಕ್ಕೆ ಮದ್ದಾಗಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹದಿನಾರು ಕಿಲೋಮೀಟರಿಗೂ ಉದ್ದದ ಸುರಂಗ ರಸ್ತೆ, 17 ಸಾವಿರ ಕೋಟಿ ಮೀರಿದ ಅಂದಾಜು. ಎಂಜಿನ್ ಸೊಗಸಾಗಿದೆ. ಸುರಂಗದಿಂದ ಒಟ್ಟಿಗೆ ಹೊರಬೀಳುವ ಅಷ್ಟೂ ಕಾರುಗಳು ಸಿಲ್ಕ್ ಬೋರ್ಡಿನಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದು ಮೂರನೇ ಹಂತ, ಬಜೆಟ್ ನೋಡಿಕೊಂಡು. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು, ಮೇಲೆ ಒಂದು ಪ್ರಾಧಿಕಾರವೂ ಕೂತಿತು. ಆರು ಸಿಲಿಂಡರು! ಹುಡುಗನ ತಾತ ಇದ್ದಿದ್ದರೆ ಖುಷಿಪಡುತ್ತಿದ್ದರು. ಕಸದ ಗಾಡಿ ಬೆಳಗ್ಗೆ ಬರುವ ಹೊತ್ತು ಇನ್ನೂ ಹಳೇ ಗೇರಿನಲ್ಲೇ ಇದೆ.

ಈ ಎಲ್ಲದಕ್ಕೂ ಶಂಕುಸ್ಥಾಪನೆ ಆಗುತ್ತದೆ, ಟೇಪು ಕತ್ತರಿಸುತ್ತಾರೆ, ಫ್ಲೆಕ್ಸ್ ಏರುತ್ತದೆ. ಒಂದು ಯುಜೆ ಕ್ರಾಸಿಗೆ, ಒಂದು ಮೋರಿಗೆ, ಬಸ್ ನಿಲ್ದಾಣದಿಂದ ಮನೆಯವರೆಗೆ ಒಂದು ಫುಟ್‌ಪಾತಿಗೆ ಯಾವ ಮಂತ್ರಿಯೂ ತೆಂಗಿನಕಾಯಿ ಒಡೆದದ್ದನ್ನು ನಾನು ಕಂಡಿಲ್ಲ. ಶಕ್ತಿಗೆ ಫೋಟೋ ಇದೆ. ಶಕ್ತಿಯನ್ನು ದಾಟಿಸುವ, ತಡೆಯುವ ಕೆಲಸಕ್ಕೆ ಫೋಟೋ ಇಲ್ಲ. ಹುಡುಗ ತನ್ನ ಊರಿನ ಪದ್ಧತಿಯನ್ನು ತನ್ನ ಕಾರಿಗೆ ಅನ್ವಯಿಸುತ್ತಿದ್ದಾನೆ, ಅಷ್ಟೆ. ವಿಧೇಯ ಪ್ರಜೆ.

ಬೇರೆ ದಾರಿ ಇಲ್ಲದಿಲ್ಲ, ಭಾಯ್ ಅದನ್ನೂ ಹೇಳಿದರು. ಅದೇ ಜಾತಿಯ ಫ್ಲಾಟ್‌ಹೆಡ್ ಆರು ಸಿಲಿಂಡರ್ ಎಂಜಿನ್ ಇಂದಿಗೂ ಹುಡುಕಿದರೆ ಸಿಗುತ್ತದೆ. ಅದರ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟು ಹೊಸದೇ ತರಿಸಬಹುದು. ಇ20ಗೆ ತಡೆಯುವ ಹೋಸು ಹಾಕಿ. ಮುಂದೆ ಡಿಸ್ಕ್ ಬ್ರೇಕು, ಎರಡು ಲೈನಿನ ಸಿಲಿಂಡರು, ರೇಡಿಯಲ್ ಟೈರು, ಸೀಟ್ ಬೆಲ್ಟು. ಹ್ಯಾಂಡ್ ಬ್ರೇಕು ತನ್ನ ಹಳೇ ಜಾಗಕ್ಕೆ ಮರಳುತ್ತದೆ. ನೂರು ಕುದುರೆ ಗಾಂಧಿಬಜಾರಿಗೆ ಧಾರಾಳ, ಮೈಸೂರಿಗೂ ಸಾಕು. ಹುಡುಗ ಕೇಳಿ, “ಅದರಲ್ಲಿ ವಿಶೇಷ ಏನಿದೆ ಭಾಯ್?” ಅಂದ. ಭಾಯ್ ಉತ್ತರ ಕೊಡದೆ ಕೈ ಒರೆಸಿಕೊಂಡರು. ಆ ಪ್ರಶ್ನೆಗೆ ವಿಧಾನಸೌಧದಲ್ಲೂ ಯಾರೂ ಉತ್ತರ ಕೊಟ್ಟಿಲ್ಲ.

ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ಬಿನ್ನಹ. ಹಳೇ ಕಾರಿಗೆ ಹೊಸ ಎಂಜಿನ್ ಹಾಕಿಸಿದ್ದೇನೆ ಬನ್ನಿ ಎಂದು ಯಾರಾದರೂ ಕರೆದರೆ, ಊರಿಗೆ ಹೊಸ ಎಂಜಿನ್ ತಂದಿದ್ದೇವೆ ವೋಟು ಕೊಡಿ ಎಂದು ಯಾರಾದರೂ ಕೈ ಮುಗಿದರೆ, ಕುದುರೆ ಎಷ್ಟು ಎಂದು ಕೇಳಬೇಡಿ. ಬ್ರೇಕ್ ಹಾಕಿಸಿದ ರಸೀದಿ ತೋರಿಸಿ ಎನ್ನಿ. ರಸೀದಿ ಇಲ್ಲ, ಅದು ಮುಂದಿನ ಹಂತದಲ್ಲಿದೆ ಎಂದರೆ, ಆ ಗಾಡಿ ಹತ್ತಬೇಡಿ.